ಪದಚರ್ಚೆ: ಎಲೆ ಘಮಘಮಿಸುವ ಜಿರೇನಿಯಂಗೆ ಒಂದು ಹೆಸರು ಬೇಕು, ನಾಳೆ ಸಂಜೆಯೊಳಗೆ

ನಮಸ್ಕಾರ. ತುರ್ತಿದೆ, ನೇರ ವಿಷಯಕ್ಕೆ ಬರುತ್ತೇನೆ.

ಒಂದು ತೋಟದ ಕುಂಡಗಳಿಗೆ ಹೆಸರಿನ ಹಲಗೆ ಬರೆಸುತ್ತಿದ್ದೇವೆ. ಅದರಲ್ಲಿ ಐದು ಕುಂಡ ಜಿರೇನಿಯಂ. ಹೂವಿಗಲ್ಲ, ಎಲೆಯ ವಾಸನೆಗೆಂದೇ ಬೆಳೆಸುವ ಜಾತಿ. ಒಂದರ ಎಲೆ ಗುಲಾಬಿಯ ಹಾಗೆ, ಒಂದು ನಿಂಬೆ, ಒಂದು ಪುದೀನ, ಒಂದು ಸೇಬು, ಇನ್ನೊಂದು ಜಾಯಿಕಾಯಿ. ಐದಕ್ಕೂ ಸೇರಿ ಮೇಲೆ ಒಂದು ದೊಡ್ಡ ಹೆಸರು ಬೇಕು. ‘ಸುವಾಸಿತ ಪರ್ಣಗಳ ಜಿರೇನಿಯಂ’ ಎಂದು ಒಬ್ಬರು ಬರೆದುಕೊಟ್ಟಿದ್ದಾರೆ. ಔಷಧಿ ಸೀಸೆಯ ಚೀಟಿ ಓದಿದ ಹಾಗಿದೆ, ಅಲ್ವಾ? ಹಲಗೆಯಲ್ಲಿ ಎಂಟು ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಬರೆಯುವವರು ನಾಳೆ ಸಂಜೆ ಬರುತ್ತಾರೆ.

ಆರೈಕೆಯ ಒಂದು ಪುಟವನ್ನೂ ಅನುವಾದ ಮಾಡುತ್ತಿದ್ದೇನೆ. ತುದಿಯನ್ನು ಬೆರಳಿನಿಂದ ತೆಗೆಯುವುದು, ನೀರು ನಿಲ್ಲದ ಮಣ್ಣು, ಬೇರು ಬರಿಸಲು ಕತ್ತರಿಸಿದ ತುಂಡು. ಇವಕ್ಕೂ ಚಿಕ್ಕ ಮಾತಿದ್ದರೆ ಹೇಳಿ.

ಮರು 1

ಕಂಪೆಲೆ. ಲೋಪಸಂಧಿ, ಮೂರು ಅಕ್ಷರ. ಮುಗಿಯಿತು.

ಮರು 2

ಮುಗಿಯಲಿಲ್ಲ. ನಿಮ್ಮ ಕುಂಡದಲ್ಲಿರುವುದು ಜಿರೇನಿಯಂ ಅಲ್ಲವೇ ಅಲ್ಲ, ಪೆಲಾರ್ಗೋನಿಯಂ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಎಲ್ಲವನ್ನೂ ಜಿರೇನಿಯಂ ಎಂಬ ಒಂದೇ ಬುಟ್ಟಿಗೆ ಹಾಕಿದ. 1789ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲೆರಿಟಿಯೆ ಪೆಲಾರ್ಗೋನಿಯಂ ಅನ್ನು ಬೇರೆ ಮಾಡಿದ. ಜನರ ಬಾಯಿಂದ ಹಳೆಯ ಹೆಸರು ಇನ್ನೂ ಹೋಗಿಲ್ಲ. ಹೂ ನೋಡಿದರೆ ಗೊತ್ತಾಗುತ್ತದೆ: ಜಿರೇನಿಯಂನ ಐದೂ ಎಸಳು ಒಂದೇ ತರ. ಪೆಲಾರ್ಗೋನಿಯಂನ ಮೇಲಿನ ಎರಡು ಎಸಳಿಗೂ ಕೆಳಗಿನ ಮೂರಕ್ಕೂ ಹೋಲಿಕೆ ಇರುವುದಿಲ್ಲ.

ಹೆಸರಿನ ಗುಟ್ಟು ಹಕ್ಕಿಯಲ್ಲಿದೆ. ಗ್ರೀಕಿನಲ್ಲಿ ಗೆರಾನೋಸ್ ಎಂದರೆ ಕ್ರೌಂಚ, ಪೆಲಾರ್ಗೋಸ್ ಎಂದರೆ ಕೊಕ್ಕರೆ. ಅದೇ ಕುಟುಂಬದ ಎರೋಡಿಯಂಗೆ ಬಕದ ಹೆಸರು. ಹೂ ಉದುರಿದ ಮೇಲೆ ಕಾಯಿ ಉದ್ದ ಕೊಕ್ಕಿನ ಹಾಗೆ ಚಾಚಿಕೊಳ್ಳುತ್ತದೆ, ಅದಕ್ಕೇ ಈ ಹೆಸರುಗಳು. ನಮ್ಮಲ್ಲಿ ಕೊಕ್ಕು ಎಂದರೆ ಹಕ್ಕಿಯ ಮೂತಿ, ತಮಿಳಿನಲ್ಲಿ ಕೊಕ್ಕು ಎಂದರೆ ಹಕ್ಕಿಯೇ. ಹೀಗೆ ಹಕ್ಕಿಯೂ ಮೂತಿಯೂ ಒಂದೇ ಮಾತಿನಲ್ಲಿ ಸಿಗುವುದು ಎಷ್ಟು ಭಾಷೆಗಳಿಗೆ ಸಾಧ್ಯ? ಕೊಕ್ಕರೆಗಿಡ ಎಂದು ಬರೆಸಿ.

ಮರು 3

ಕೊಕ್ಕರೆಗಿಡ ಎಂದು ಓದಿದವರು ಹಕ್ಕಿ ಎಲ್ಲಿ ಕೂತಿದೆ ಎಂದು ಮೇಲೆ ನೋಡುತ್ತಾರೆ. ಅವರು ಕೇಳಿದ್ದು ವಾಸನೆಗೆ ಹೆಸರು, ಕಾಯಿಗಲ್ಲ. ಸುಮ್ನೆ ಸುಗಂಧ ಎಲೆ ಎಂದರೆ ಆಗುವುದಿಲ್ಲವೇ?

ಮರು 4

ಆಗುವುದಿಲ್ಲ. ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಅರಿಸಮಾಸ.

ಮರು 3

ಗಂಧದೆಲೆ?

ಮರು 4

ನಡುವೆ ವಿಭಕ್ತಿ ಇದೆ, ವ್ಯಾಕರಣಕ್ಕೆ ತಕರಾರಿಲ್ಲ. ಆದರೆ ಓದಿದವರಿಗೆ ಗಂಧದ ಮರದ ಎಲೆ ನೆನಪಾಗುತ್ತದೆ.

ಅಚ್ಚಗನ್ನಡದಲ್ಲಿ ವಾಸನೆಗೆ ಇರುವ ನಿಜವಾದ ಕ್ರಿಯಾಪದ ನಾಱು. ಹಳಗನ್ನಡದಲ್ಲಿ ಹೂವೂ ನಾಱುತ್ತಿತ್ತು. ಆ ಱ, ಶಕಟ ರೇಫ ಎಂಬ ಅಕ್ಷರ, ಬಿಟ್ಟೆವು. ಬಾಳೆಯ ನಾರೂ ವಾಸನೆಯ ನಾರೂ ಒಂದೇ ಕಾಗುಣಿತಕ್ಕೆ ಬಂದು ಬಿದ್ದವು. ಒಳ್ಳೆಯ ವಾಸನೆಗೆ ಸಂಸ್ಕೃತದಿಂದ ಸುಗಂಧ, ಪರಿಮಳ, ಸೌರಭ ತಂದು ಕೂರಿಸಿ, ನಮ್ಮ ಮಾತನ್ನು ಚರಂಡಿಗೆ ತಳ್ಳಿದೆವು. ಅದನ್ನು ಎತ್ತಿ ತರುವ ಹೊತ್ತು ಇದು. ನಾರೆಲೆ ಎಂದು ಬರೆಸಿ.

ಮರು 1

ನಾರುವ ಎಲೆ ಎಂದು ಹಲಗೆ ಹಾಕಿ, ಮೂಗು ಹತ್ತಿರ ತನ್ನಿ ಎಂದು ಯಾರಿಗೆ ಹೇಳುತ್ತೀರಿ? ಪದಕ್ಕೆ ನ್ಯಾಯ ಕೊಡಿಸಲು ಬೇರೆ ಜಾಗ ನೋಡಿ. ಕಂಪು ಅಚ್ಚಗನ್ನಡವೇ. ಇಂಪು, ತಂಪು, ಕಂಪು ಒಂದೇ ಅಚ್ಚು. ಇದಕ್ಕಿಂತ ಏನು ಬೇಕು?

ಮರು 5

ಅಚ್ಚಗನ್ನಡ ಅಚ್ಚಗನ್ನಡ ಎನ್ನುವವರು ಹಲಗೆಯ ಕೆಳಗಿನ ಸಾಲನ್ನೂ ಓದಲಿ. ಗುಲಾಬಿ, ಪುದೀನ, ಸೇಬು. ಐದರಲ್ಲಿ ಮೂರು ಪಾರಸಿಯಿಂದ ಬಂದವು. ಗುಲಾಬ್ ಎಂದರೆ ಪಾರಸಿಯಲ್ಲಿ ಹೂವಿನ ನೀರು, ನಾವು ಅದನ್ನೇ ಹೂವಿನ ಹೆಸರು ಮಾಡಿಕೊಂಡೆವು. ಯಾರಿಗಾದರೂ ನೋವಾಯಿತೇ? ಜಿರೇನಿಯಂ ಎಂದೇ ಬಿಡಿ. ಮೂವತ್ತು ವರ್ಷ ಹೋದರೆ ಅದೂ ಕನ್ನಡ.

ಮರು 4

ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದಾಗ ನಮ್ಮವರು ಅಲ್ಲಿನ ಹೆಸರು ತರಲಿಲ್ಲ. ಮನೆಯಲ್ಲಿದ್ದ ಮೆಣಸಿಗೇ ಕಾಯಿ ಸೇರಿಸಿದರು. ಆ ಜಾಣತನ ಈಗ ಎಲ್ಲಿ ಹೋಯಿತು? ಗುಲಾಬಿಯ ವಾಸನೆಯದಕ್ಕೆ ಪನ್ನೀರೆಲೆ ಎನ್ನಿ.

ಮರು 5

ಅನಾನಸ್ಸೂ ಅಲ್ಲಿಂದಲೇ ಬಂತು, ಹೆಸರನ್ನೂ ಹೊತ್ತುಕೊಂಡೇ ಬಂತು. ಎರಡೂ ನಡೆದಿದೆ. ಪನ್ನೀರೆಲೆ ಚೆನ್ನಾಗಿದೆ, ಒಪ್ಪಿದೆ. ಆದರೆ ಒಂದು ಕುಂಡಕ್ಕಾಯಿತು. ಉಳಿದ ನಾಲ್ಕಕ್ಕೆ?

ಮರು 6

ನಾನು ವ್ಯಾಕರಣದವಳಲ್ಲ. ಈ ಗಿಡ ಬೆಳೆಸುತ್ತೇನೆ, ಅಷ್ಟೇ. ನೀವೆಲ್ಲ ಒಂದು ವಿಷಯ ಬಿಟ್ಟಿದ್ದೀರಿ. ಈ ಎಲೆ ಸುಮ್ಮನಿದ್ದರೆ ಅಷ್ಟಾಗಿ ಘಮಿಸುವುದಿಲ್ಲ. ಎಣ್ಣೆ ಇರುವುದು ಎಲೆಯ ಮೇಲಿನ ಸಣ್ಣ ರೋಮಗಳ ತುದಿಯಲ್ಲಿ. ಬೆರಳು ತಾಗಿ ಅವು ಒಡೆದಾಗ ವಾಸನೆ ಏಳುತ್ತದೆ. ಗುಲಾಬಿಯ ಹಾಗಿರುವುದಂತೂ ಬರೀ ಹೋಲಿಕೆಯಲ್ಲ. ಗುಲಾಬಿ ಎಣ್ಣೆಯಲ್ಲಿರುವ ಜಿರೇನಿಯೋಲ್, ಸಿಟ್ರೊನೆಲೋಲ್ ಈ ಎಲೆಯಲ್ಲೂ ಇವೆ. ಮುಟ್ಟಿದರೆ ಮುನಿ ಎಂಬ ಹೆಸರು ಕಟ್ಟಿದ ಜನ ನಾವು. ಇದನ್ನು ‘ಮುಟ್ಟಿದರೆ ಘಮ’ ಎನ್ನಬಾರದೇ? ಆರೇ ಅಕ್ಷರ.

ಉಳಿದದ್ದಕ್ಕೆ ಹೊಸ ಪದ ಬೇಡ. ತುದಿ ತೆಗೆಯುವುದಕ್ಕೆ ಕುಡಿ ಚಿವುಟುವುದು ಎನ್ನುತ್ತೇವೆ. ಚಿವುಟದಿದ್ದರೆ ಗಿಡ ಸೊರಗಿ ಉದ್ದ ಬೆಳೆಯುತ್ತದೆ. ಮಣ್ಣಿಗೆ ‘ನೀರು ಬಸಿದು ಹೋಗುವ ಮಣ್ಣು’. ತುಂಡಿಗೆ ಕಡ್ಡಿ. ಎಂಟು ಹತ್ತು ಸೆಂಟಿಮೀಟರ್ ಕಡ್ಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಗಾಯ ಆರಲು ಕೆಲವು ಗಂಟೆ ಬಿಟ್ಟು ನೆಡಿ. ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ ನೀರು. ಮೊದಲ ವರ್ಷ ನಾನು ಪ್ರೀತಿ ಹೆಚ್ಚಾಗಿ ದಿನಾ ನೀರು ಹಾಕಿ, ಬುಡ ಕಪ್ಪಾಗಿ ಕೊಳೆತು ಎಲ್ಲ ಕಳೆದುಕೊಂಡೆ. ಗೊಬ್ಬರವೂ ಕಮ್ಮಿ ಇರಲಿ. ಜಾಸ್ತಿಯಾದರೆ ಎಲೆ ದೊಡ್ಡದಾಗುತ್ತದೆ, ಘಮ ಇಳಿಯುತ್ತದೆ. ಪುಟದಲ್ಲಿ ಈ ಸಾಲು ಬಿಡಬೇಡಿ.

ಮರು 4

‘ಮುಟ್ಟಿದರೆ ಘಮ’ ವಾಕ್ಯ, ಹೆಸರಲ್ಲ. ಘ ಮಹಾಪ್ರಾಣ, ಕನ್ನಡದ್ದಲ್ಲ. ಗಮ ಎಂದು ಬರೆಯಿರಿ.

ಮರು 5

ಗಮ್ ಎಂದರೆ ಅಂಟು. ಮುಟ್ಟಿದರೆ ಕೈಗೆ ಹತ್ತುತ್ತದೆ ಎಂದು ಜನ ದೂರ ನಿಲ್ಲುತ್ತಾರೆ. ‘ಮುಟ್ಟಿದರೆ ಮುನಿ’ಯೂ ವಾಕ್ಯವೇ, ಸ್ವಾಮಿ.

ಕೇಳಿದವರು

ಬರೆಯುವವರು ಬಂದು ಹೋದರು. ಮೇಲೆ ದೊಡ್ಡದಾಗಿ ‘ಕಂಪೆಲೆ ಜಿರೇನಿಯಂ’, ಏಳು ಅಕ್ಷರ. ಕೆಳಗೆ ಸಣ್ಣದಾಗಿ ‘ಮುಟ್ಟಿದರೆ ಘಮ’. ಘ ಘ ಆಗಿಯೇ ಇದೆ, ಕ್ಷಮಿಸಿ. ಪೆಲಾರ್ಗೋನಿಯಂ ಎಂಬುದನ್ನು ಆರೈಕೆಯ ಪುಟದಲ್ಲಿ ಒಂದು ಸಾಲಿನಲ್ಲಿ ಹೇಳಿದ್ದೇನೆ, ಕೊಕ್ಕರೆಯ ಸಮೇತ.

ಒಂದು ತೊಂದರೆ ಮಾತ್ರ. ಮುಟ್ಟಿ ಎಂದ ಮೇಲೆ ಜನ ಎಲೆ ಕೀಳಲು ಶುರು ಮಾಡುತ್ತಾರೆ. ಒಂದು ಪುಟ್ಟ ಚೀಟಿ ಬೇಕು. ‘ಸವರಿ, ಕೀಳಬೇಡಿ’ ಎಂದರೆ ಸರಿಯೇ?

ಮರು 6

ಬೇಡ. ಸವರಿ ಎಂದರೆ ತೋಟದ ಕೆಲಸದವರು ಕತ್ತರಿ ತರುತ್ತಾರೆ. ಗಿಡ ಸವರುವುದು ಎಂದರೆ ಕೊಂಬೆ ಕತ್ತರಿಸುವುದು. ‘ನೇವರಿಸಿ’ ಎನ್ನಿ.

ಮರು 4

ನೇವರಿಸಿ. ಇದಕ್ಕೆ ನನ್ನ ತಕರಾರಿಲ್ಲ.