ಆಫೀಸಿನ ಎಲ್‌ಜಿಬಿಟಿ ಗ್ರೂಪ್‌ಗೆ ಸೇರೋದ್ರಿಂದ ನಿಜವಾಗ್ಲೂ ಏನಾದ್ರೂ ಉಪಯೋಗ ಇದ್ಯಾ?

ಹಾಸನದ_ಹುಡುಗ:
ನಾನು ಗೇ, ಬೆಂಗ್ಳೂರಲ್ಲಿ ಐಟಿ ಕಂಪನೀಲಿ ಟೆಸ್ಟಿಂಗ್ ಕೆಲ್ಸ, ಮನೇಲೂ ಆಫೀಸಲ್ಲೂ ಯಾರಿಗೂ ಹೇಳಿಲ್ಲ. ಲಂಚ್ ಟೈಮಲ್ಲಿ ಟೀಮ್‌ನೋರು "ಮದ್ವೆ ಯಾವಾಗ, ಹುಡ್ಗಿ ನೋಡಿದ್ರಾ" ಅಂತ ಕೇಳ್ದಾಗೆಲ್ಲ ಏನೋ ಒಂದು ಕಥೆ ಕಟ್ಟಿ ಜಾರ್ಕೊಂಡೂ ಜಾರ್ಕೊಂಡೂ ಸುಸ್ತಾಗೋಗಿದೆ. ಕಂಪನೀಲಿ ನಮ್ಮಂಥೋರಿಗೆ ಅಂತ ಒಂದು ಗ್ರೂಪ್ ಇದೆ, ಸೇರ್ಕೊಳ್ಳಿ ಅಂತ ಮೇಲ್ ಬರತ್ತೆ. ಸೇರಿದ್ರೆ ಮ್ಯಾನೇಜರ್‌ಗೆ ಗೊತ್ತಾಗತ್ತಾ? ನಮ್ಮೂರೋರು ಇದೇ ಬಿಲ್ಡಿಂಗಲ್ಲಿದಾರೆ, ಅವ್ರಿಂದ ಅಪ್ಪಂಗೆ ಸುದ್ದಿ ಮುಟ್ಟಿದ್ರೆ? ಇಷ್ಟೆಲ್ಲ ರಿಸ್ಕ್ ತಗೊಳ್ಳೋ ಅಷ್ಟು ಅದ್ರಲ್ಲಿ ಏನಿದೆ ಹೇಳಿ.

ಜಯನಗರ_4ನೇ_ಬ್ಲಾಕ್:
ಹಳೇ ಕಂಪನೀಲಿ ಇಂಥ ಗ್ರೂಪ್ ನಾನೇ ನೋಡ್ಕೋತಿದ್ದೆ ಗುರು. ಮೊದ್ಲು ನಿನ್ ಭಯದ ವಿಷ್ಯ. ಗ್ರೂಪ್ ನಡೆಸೋರಿಗೆ ಆಫೀಸ್ ಇಮೇಲ್‌ನಿಂದ ಬೇಡ, ನಿನ್ ಸ್ವಂತ ಫೋನಿಂದ ಮಾತಾಡಿ ಕೇಳು, ಮೆಂಬರ್ ಲಿಸ್ಟ್ ಯಾರ್ಯಾರಿಗೆ ಕಾಣತ್ತೆ, ಎಚ್‌ಆರ್ ನೋಡತ್ತಾ ಅಂತ. ಎಷ್ಟೋ ಕಡೆ ಬೆಂಬಲಕ್ಕೆ ಅಂತ ಸ್ಟ್ರೈಟ್, ಅಂದ್ರೆ ಗೇ ಅಲ್ಲದ ಜನಾನೂ ಸೇರಿರ್ತಾರೆ, ಬರೀ ಹೆಸ್ರು ನೋಡಿ ಯಾರೂ ಏನೂ ತೀರ್ಮಾನ ಮಾಡಕ್ಕಾಗಲ್ಲ. ಸರಿಯಾದ ಉತ್ತರ ಬರ್ಲಿಲ್ಲಾಂದ್ರೆ ಸೇರಬೇಡ.

ಉಪಯೋಗ ಅಂದ್ರೆ, 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ಗೇ ಸಂಬಂಧಾನ ಅಪರಾಧ ಅಂತಿದ್ದ ಸೆಕ್ಷನ್ 377ರಿಂದ ನಮ್ಮನ್ನ ಬಿಡಿಸ್ತು, ಆದ್ರೆ ಗೇ ಅನ್ನೋ ಕಾರಣಕ್ಕೆ ಪ್ರೈವೇಟ್ ಕಂಪನೀಲಿ ತೊಂದ್ರೆ ಕೊಟ್ರೆ ಅದಕ್ಕೇ ಅಂತ ಒಂದು ಕಾಯ್ದೆ ಇಲ್ಲ, 2023ರಲ್ಲಿ ನಮ್ಮ ಮದ್ವೆಗೂ ಮಾನ್ಯತೆ ಕೊಡಿ ಅಂತ ಹಾಕಿದ್ದ ಕೇಸೂ ನಮ್ಮ ಕಡೆ ಆಗ್ಲಿಲ್ಲ. ಹಾಗಾಗಿ ಪಾರ್ಟ್ನರ್‌ಗೆ ಮೆಡಿಕಲ್ ಇನ್ಶೂರೆನ್ಸು, ಅವ್ರಿಗೆ ಹುಷಾರಿಲ್ದಾಗ ರಜೆ, ಎಲ್ಲಾನೂ ಕಂಪನಿ ಪಾಲಿಸಿ ಮೇಲೇ ನಿಂತಿದೆ. ಅದನ್ನ ಒಬ್ನೇ ಹೋಗಿ ಕೇಳಿದ್ರೆ ನಿನ್ ಗುಟ್ಟು ರಟ್ಟಾಗತ್ತೆ. ಗ್ರೂಪ್ ಕೇಳಿದ್ರೆ ಯಾರಿಗೋಸ್ಕರ ಅಂತ ಹೇಳಬೇಕಾಗಿಲ್ಲ. ನನ್ ಪ್ರಕಾರ ಗ್ರೂಪಿನ ಬೆಲೆ ಇರೋದು ಇಲ್ಲೇ. ಇನ್ಫೋಸಿಸಲ್ಲಿ ಇಗ್ಲೂ ಅನ್ನೋ ಗ್ರೂಪು 2011ರಲ್ಲೇ ಶುರುವಾಗಿತ್ತು, ಕಂಪನಿಗಳು ಮನಸ್ಸು ಮಾಡಿದ್ರೆ ಕೋರ್ಟು ಹೇಳೋವರೆಗೂ ಕಾಯಬೇಕಾಗಿಲ್ಲ.

ತುಂಗೆ:
ನಾನು ಟ್ರಾನ್ಸ್ ಮಹಿಳೆ. ಟ್ರಾನ್ಸ್ ಜನಕ್ಕೆ ಅಂತಾನೇ 2019ರ ಕಾಯ್ದೆ ಇದೆ, ಕೆಲ್ಸದಲ್ಲಿ ತಾರತಮ್ಯ ಮಾಡೋ ಹಾಗಿಲ್ಲ, ಪ್ರತಿ ಸಂಸ್ಥೇಲೂ ದೂರು ಕೇಳೋಕೆ ಒಬ್ಬ ಅಧಿಕಾರಿ ಇರ್ಲೇಬೇಕು. ನಮ್ಮಾಫೀಸಲ್ಲಿ ಆ ಅಧಿಕಾರಿ ಯಾರು ಅಂತ ಎಚ್‌ಆರ್‌ಗೇ ಗೊತ್ತಿರ್ಲಿಲ್ಲ, ಗ್ರೂಪಿನೋರು ಬೆನ್ನು ಹತ್ತಿ ನೇಮಿಸಿದ್ರು. ನನ್ನ ಐಡಿ ಕಾರ್ಡು, ಮೇಲು, ಪೇ ಸ್ಲಿಪ್ ಎಲ್ಲದ್ರಲ್ಲೂ ಹೆಸ್ರು ಬದಲಾಯ್ಸೋಕೆ ಒಬ್ಬಳು ನನ್ ಜೊತೆ ಪ್ರತಿ ಡಿಪಾರ್ಟ್‌ಮೆಂಟ್‌ಗೂ ಬಂದ್ಲು, ಅದನ್ನ ಮರೆಯಲ್ಲ.

ಆದ್ರೆ ಒಂದು ಬೇಜಾರು. ಮೀಟಿಂಗ್ ಎಲ್ಲಾ ಇಂಗ್ಲಿಷಲ್ಲೇ, ಹೌಸ್‌ಕೀಪಿಂಗ್, ಸೆಕ್ಯುರಿಟಿ ಕಡೆ ಕಾಂಟ್ರಾಕ್ಟಲ್ಲಿರೋರನ್ನ ಸೇರಿಸ್ಕೊಳ್ಳೋದೇ ಇಲ್ಲ. ಅವ್ರಲ್ಲಿ ನಮ್ಮೋರು ಇಲ್ವಾ?

ಬೀದರ್_ಬಸ್ಸು:
ನಮ್ ಕಡೆ ಜೂನಲ್ಲಿ ಎಲ್‌ಜಿಬಿಟಿ ಪ್ರೈಡ್ ತಿಂಗಳು ಅಂತ ಕೇಕ್ ಕಟ್ ಮಾಡಿ ಫೋಟೋ ಹಾಕ್ತಾರ, ಆಮ್ಯಾಲ ಮುಂದಿನ ಜೂನ್ ತನಕ ಸುದ್ದಿನೇ ಇಲ್ಲ. 2025ರಾಗ ಅಮೆರಿಕದಾಗ ಎಷ್ಟೋ ದೊಡ್ಡ ಕಂಪನಿಗಳು ಡೈವರ್ಸಿಟಿ ಪ್ರೋಗ್ರಾಂ ಕಡಿಮಿ ಮಾಡ್ಯಾವ, ಇಲ್ಲಿ ಆಫೀಸಿನ ಗ್ರೂಪಿನ ರೊಕ್ಕ ಅಲ್ಲಿಂದನ ಬರ್ತಿತ್ತಂದ್ರ ಇಲ್ಲೂ ಬಿಸಿ ತಟ್ಟತದ. ಕೆಲಸ ಹೋದ್ರ ಗ್ರೂಪೂ ಹೋಗತದ. ಅದಕ್ಕ ಹೊರಗೂ ನಾಕು ಮಂದಿ ಇರ್ಬೇಕು ತಮ್ಮಾ. ಗುಡ್ ಆಸ್ ಯು ಅನ್ನೋ ನಮ್ಮಂಥೋರ ಗ್ರೂಪು ಬೆಂಗ್ಳೂರಾಗ 1994ರಿಂದ ಶುರು ಆದದ್ದು, ಯಾವ ಕಂಪನಿದೂ ಅಲ್ಲ.

ಹಾಸನದ_ಹುಡುಗ:
ಎಲ್ರಿಗೂ ಥ್ಯಾಂಕ್ಸ್. ಇನ್ಶೂರೆನ್ಸ್ ವಿಷ್ಯ ನನ್ ತಲೇಗೇ ಬಂದಿರ್ಲಿಲ್ಲ. ಲಿಸ್ಟ್ ಯಾರಿಗೆ ಕಾಣತ್ತೆ ಅಂತ ಈ ವಾರ ಫೋನ್ ಮಾಡಿ ಕೇಳ್ತೀನಿ. ತುಂಗಕ್ಕ, ಕಾಂಟ್ರಾಕ್ಟ್‌ನೋರನ್ನ ಸೇರಿಸ್ತಾರಾ ಅಂತಾನೂ ಕೇಳ್ತೀನಿ.