ಎಂಜಿನ್ ಹೊಸದಾಗಿ ಕಟ್ಟಿಸಿದ ಎಂಜಿಬಿ ಘಟ್ಟದಲ್ಲಿ ಮುಗ್ಗರಿಸುತ್ತಿದೆ: ಕಾರ್ಬುರೇಟರೋ, ಡಿಸ್ಟ್ರಿಬ್ಯೂಟರೋ?

ಕಾಳಿದಂಡೆ (ಕಾರವಾರ):
ನಮ್ಮಲ್ಲಿರುವ 1967ರ ಎಂಜಿಬಿಯ (ಬ್ರಿಟನ್ನಿನ ಸ್ಪೋರ್ಟ್ಸ್ ಕಾರು) 1798 ಸಿಸಿ ಎಂಜಿನ್ನನ್ನು ಈಚೆಗೆ ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಮತ್ತು ಬೇರಿಂಗ್ ಹಾಕಿ ಕಟ್ಟಿಸಿದ್ದೇವೆ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬುರೇಟರ್‌ಗಳನ್ನು ತೊಳೆದು ಜೋಡಿಸಲಾಗಿದೆ. ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಮೂಲದ 25ಡಿ4. ಅದರೊಳಗಿನ ಪಾಯಿಂಟ್ಸ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಸೇರಿಸುವ ಸ್ವಿಚ್ಚು) ಮತ್ತು ಕಂಡೆನ್ಸರ್ ಮಾತ್ರ ಹೊಸವು. ಐಡ್ಲಿಂಗ್ ಸಮವಾಗಿದೆ, ಅಂಕೋಲಾದವರೆಗೆ ಹೆದ್ದಾರಿಯಲ್ಲಿ ಹೇಳಿಕೊಳ್ಳುವಂಥ ತೊಂದರೆಯೂ ಇಲ್ಲ. ಆದರೆ ಅರಬೈಲ್ ಘಟ್ಟದ ತಿರುವುಗಳಲ್ಲಿ ವೇಗ ತಗ್ಗಿಸಿ, ಮತ್ತೆ ಆಕ್ಸಿಲರೇಟರ್ ಮೇಲೆ ಮೆಲ್ಲನೆ ಕಾಲಿಟ್ಟ ಕೂಡಲೇ ಎಂಜಿನ್ ಒಂದೆರಡು ಬಾರಿ ಮಿಸ್ ಹೊಡೆದು ಮುಗ್ಗರಿಸುತ್ತದೆ. ಪೂರ್ತಿ ತುಳಿದರೆ ಏನೂ ಆಗಿಲ್ಲವೆಂಬಂತೆ ಎಳೆಯುತ್ತದೆ. ಕಾರ್ಬುರೇಟರ್‌ಗಳನ್ನು ಮತ್ತೆ ಬಿಚ್ಚುವ ಮೊದಲು ಬಲ್ಲವರ ಅಭಿಪ್ರಾಯ ಬೇಕು.

ಶಿರಸಿ ಗ್ಯಾರೇಜು:
ನಾನಾದರೆ ಮೊದಲು ಡ್ಯಾಂಪರ್ ಎಣ್ಣೆಯನ್ನು ನೋಡುತ್ತೇನೆ. ಎಸ್‌ಯು ಕಾರ್ಬುರೇಟರಿನಲ್ಲಿ ಬೇರೆ ಆಕ್ಸಿಲರೇಟರ್ ಪಂಪ್ ಇರುವುದಿಲ್ಲ. ಥ್ರಾಟಲ್ ತೆರೆದಾಗ ಒಳಗಿನ ಪಿಸ್ಟನ್ ಥಟ್ಟನೆ ಮೇಲೇಳದಂತೆ ಎಣ್ಣೆ ತಡೆಯುವುದರಿಂದಲೇ ಆ ಒಂದು ಕ್ಷಣ ಮಿಶ್ರಣಕ್ಕೆ ಪೆಟ್ರೋಲ್ ಹೆಚ್ಚು ಸೇರುತ್ತದೆ. ಎಣ್ಣೆ ಕಡಿಮೆಯಿದ್ದರೆ ಅಥವಾ ತೀರಾ ತೆಳ್ಳಗಿದ್ದರೆ ಎಂಜಿನ್ ತಡವರಿಸುತ್ತದೆ. ಡ್ಯಾಂಪರನ್ನು ಒಳಗಿಳಿಸುವಾಗ ಅದರ ಮುಚ್ಚಳ ಥ್ರೆಡ್ ಸೇರಲು ಸುಮಾರು 6 ಮಿ.ಮೀ. ಉಳಿದಿರುವಾಗಲೇ ಕೈಗೆ ತಡೆ ಸಿಗಬೇಕು. ಇನ್ನೊಂದು ವಿಷಯ, ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಆ ಕಾಲದ ನೀಡಲ್ ಮತ್ತು ಜೆಟ್ ಹೊಂದಿಕೆ ಸಾಲುವುದಿಲ್ಲ. ಅದೇ ಗಾಳಿಗೆ ಪೆಟ್ರೋಲ್ ಇನ್ನಷ್ಟು ಬೇಕಾಗುವುದರಿಂದ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ. ಜೆಟ್ ನಟ್ಟನ್ನು ಅದರ ಆರು ಮುಖಗಳಲ್ಲಿ ಒಂದರಷ್ಟು ಕೆಳಕ್ಕೆ ತಿರುಗಿಸಿ ನೋಡಿ.

ಕುಮಟಾ ಹಳೆಗಾಡಿ:
ಎಣ್ಣೆಯ ಮಾತು ನಿಜ, ಆದರೆ ಈ ಲಕ್ಷಣಕ್ಕೆ ಅದು ಹೊಂದುವುದಿಲ್ಲ. ಡ್ಯಾಂಪರ್ ಅಥವಾ ಲೀನ್ ಮಿಶ್ರಣದ ದೋಷವಾಗಿದ್ದರೆ ಗಟ್ಟಿಯಾಗಿ ತುಳಿದಾಗಲೇ ಎಂಜಿನ್ ಹೆಚ್ಚು ಮುಗ್ಗರಿಸಬೇಕಿತ್ತು; ಇಲ್ಲಿ ಮೆಲ್ಲನೆ ತುಳಿದಾಗ ತೊಂದರೆ, ಪೂರ್ತಿ ತುಳಿದರೆ ನಿವಾರಣೆ. ಆ ಕಾಲದ ಎಂಜಿಬಿಯಲ್ಲಿ ವ್ಯಾಕ್ಯೂಮ್ ಅಡ್ವಾನ್ಸಿನ (ಗಾಳಿಯ ಎಳೆತದಿಂದ ಕಿಡಿಯನ್ನು ಬೇಗ ಹುಟ್ಟಿಸುವ ವ್ಯವಸ್ಥೆ) ಕೊಳವೆ ಕಾರ್ಬುರೇಟರಿನಿಂದ ಹೊರಡುತ್ತದೆ. ಐಡ್ಲಿಂಗಿನಲ್ಲಿ ಅಲ್ಲಿ ಎಳೆತವಿಲ್ಲ, ಥ್ರಾಟಲ್ ಸ್ವಲ್ಪ ತೆರೆದಾಗ ಎಳೆತ ಹುಟ್ಟಿ ಪಾಯಿಂಟ್ಸ್ ಇರುವ ಪ್ಲೇಟು ತಿರುಗುತ್ತದೆ, ಪೂರ್ತಿ ತೆರೆದಾಗ ಎಳೆತ ಕುಸಿದು ಪ್ಲೇಟು ಮೊದಲಿನ ಜಾಗಕ್ಕೆ ಮರಳುತ್ತದೆ. ನಿಮ್ಮ ಎಂಜಿನ್ ಮಿಸ್ ಹೊಡೆಯುವುದು ಪ್ಲೇಟು ತಿರುಗುವ ಹೊತ್ತಿನಲ್ಲೇ. ಆ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರಿನ ಒಡಲಿಗೆ ಹೋಗುವ ಗಿಡ್ಡ ಅರ್ಥ್ ವೈರು ವರ್ಷಗಟ್ಟಲೆ ಬಾಗಿ ಬಾಗಿ ಹೊದಿಕೆಯೊಳಗೇ ಎಳೆ ಕಡಿದಿರುತ್ತದೆ, ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಹೊಸ ಎಂಜಿನ್ನಿನಲ್ಲಿ ಕಾಡುವುದು ಹಳೆಯ ಬಿಡಿಭಾಗವೇ; ಗಾಡಿ ಬಿಚ್ಚುವವರು ಇದನ್ನು ಮರೆತು ಮೊದಲು ಕಾರ್ಬುರೇಟರಿಗೇ ಕೈ ಹಾಕುತ್ತಾರೆ.

ಪರೀಕ್ಷೆಗೆ ಖರ್ಚಿಲ್ಲ. ವ್ಯಾಕ್ಯೂಮ್ ಕೊಳವೆಯನ್ನು ಡಿಸ್ಟ್ರಿಬ್ಯೂಟರಿನಿಂದ ತೆಗೆದು, ಕಾರ್ಬುರೇಟರಿನ ಕಡೆಯ ಬಾಯಿಗೆ ಬಿರಡೆ ಹಾಕಿ, ಅದೇ ಏರಿನಲ್ಲಿ ಓಡಿಸಿ. ಮುಗ್ಗರಿಸುವುದು ನಿಂತರೆ ಮೀಟರಿನ ಒಂದು ಕಡ್ಡಿಯನ್ನು ಪ್ಲೇಟಿಗೂ ಇನ್ನೊಂದನ್ನು ಒಡಲಿಗೂ ಹಿಡಿದು, ಸ್ಕ್ರೂಡ್ರೈವರಿನಿಂದ ಪ್ಲೇಟನ್ನು ಅಲ್ಲಾಡಿಸಿ. ಓಮ್ ಸಂಖ್ಯೆ ಸೊನ್ನೆಯ ಹತ್ತಿರವೇ ನಿಲ್ಲಬೇಕು. ಪ್ಲೇಟು ನಿಂತಿರುವಾಗ ಅಳೆದರೆ ಏನೂ ತಿಳಿಯುವುದಿಲ್ಲ.

ಕಾಳಿದಂಡೆ:
ಕೊಳವೆ ತೆಗೆದು ಸುಂಕಸಾಳದಿಂದ ಘಟ್ಟ ಹತ್ತಿಸಿದೆವು, ಮಿಸ್ ಹೊಡೆಯುವುದು ನಿಂತಿತು. ಮೀಟರಿನಲ್ಲಿ ಪ್ಲೇಟು ಸರಿದಂತೆಲ್ಲ ಸಂಖ್ಯೆ ಜಿಗಿಯುತ್ತಿದೆ. ಮನೆಯ ವೈರಿಂಗಿನಲ್ಲಿ ಉಳಿದ ತುಂಡೊಂದನ್ನು ಬೆಸೆದರೆ ಸಾಕೇ?

ಕುಮಟಾ ಹಳೆಗಾಡಿ:
ಸಾಲದು. ದಪ್ಪ ಎಳೆಯ ವೈರು ಬಾಗಿ ಬೇಗ ಕಡಿಯುತ್ತದೆ, ಅದಕ್ಕಿಂತ ಮೊದಲೇ ಪ್ಲೇಟಿನ ಚಲನೆಯನ್ನು ತಡೆಯುತ್ತದೆ. ಕೂದಲೆಳೆಯಷ್ಟು ಸಣ್ಣ ತಂತಿಗಳನ್ನು ಹೆಣೆದ, ಮೃದುವಾದ ವೈರೇ ಬೇಕು, ಪ್ಲೇಟು ಕೊನೆಯವರೆಗೆ ತಿರುಗುವಷ್ಟು ಸಡಿಲವಾಗಿಯೂ ಇರಬೇಕು. ಟರ್ಮಿನಲ್ಲಿನಿಂದ ಪಾಯಿಂಟ್ಸಿಗೆ ಹೋಗುವ ವೈರನ್ನೂ ಅದರೊಂದಿಗೇ ಬದಲಿಸಿ, ಅದಕ್ಕೂ ಅಷ್ಟೇ ವಯಸ್ಸಾಗಿದೆ. ಆಮೇಲೆ ಪಾಯಿಂಟ್ಸ್ ಅಂತರವನ್ನು 0.35ರಿಂದ 0.40 ಮಿ.ಮೀ.ಗೆ ಇಟ್ಟು ಟೈಮಿಂಗ್ (ಕಿಡಿ ಹುಟ್ಟುವ ಹೊತ್ತು) ಮತ್ತೆ ನೋಡಿ. ಅಂತರ ಬದಲಾದರೆ ಟೈಮಿಂಗ್ ಕೂಡ ಸರಿಯುತ್ತದೆ.

ಶಿರಸಿ ಗ್ಯಾರೇಜು:
ಪೂರ್ತಿ ತುಳಿದಾಗಿನ ವಿವರವನ್ನು ಕುಮಟಾದವರು ಸರಿಯಾಗಿ ಹಿಡಿದರು. ಆದರೂ ವೈರು ಹಾಕಿದ ಮೇಲೆ ಮಿಶ್ರಣವನ್ನು ಒಮ್ಮೆ ಪರೀಕ್ಷಿಸಿ: ಎಂಜಿನ್ ಬಿಸಿಯಾದಾಗ ಕಾರ್ಬುರೇಟರ್ ಪಿಸ್ಟನ್ನನ್ನು ಪಿನ್ನಿನಿಂದ ಸುಮಾರು 1 ಮಿ.ಮೀ. ಎತ್ತಿದರೆ ವೇಗ ಕ್ಷಣಕಾಲ ತುಸು ಏರಿ ಮೊದಲಿನ ಸ್ಥಿತಿಗೆ ಬರಬೇಕು. ಏರಿ ಅಲ್ಲೇ ನಿಂತರೆ ರಿಚ್ (ಪೆಟ್ರೋಲ್ ಹೆಚ್ಚು), ಇಳಿದು ಆರಿಹೋಗುವಂತಾದರೆ ಲೀನ್. ಎರಡೂ ಕಾರ್ಬುರೇಟರಿಗೆ ಬೇರೆ ಬೇರೆಯಾಗಿ ಮಾಡಬೇಕು.