ಹಳೆಯ ಜಾವಾ ಗಾಡಿಗೆ ಆ ಕಾಲದ ಉಡುಪು: ಸಲಹೆ ಬೇಕಾಗಿದೆ

ಪ್ರಶ್ನೆ (ಯಾದವಗಿರಿ ಸವಾರ):
ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾದ, ತಂದೆಯವರು ವರ್ಷಗಟ್ಟಲೆ ಓಡಿಸಿದ ಜಾವಾ 250 ಬೈಕ್ ಈಗ ಮತ್ತೆ ರಸ್ತೆಗಿಳಿದಿದೆ. ಜುಲೈ ತಿಂಗಳ ಎರಡನೆಯ ಭಾನುವಾರದ ಜಾವಾ ದಿನದಂದು 1960ರ ದಶಕದ ಉಡುಪನ್ನೇ ತೊಟ್ಟು ಸವಾರಿ ಮಾಡಬೇಕೆಂಬುದು ನನ್ನ ಆಸೆ. ಇಂಗ್ಲೆಂಡಿನ ಸವಾರರು ತೊಡುತ್ತಿದ್ದ ಮೇಣ ಸವರಿದ ಹತ್ತಿಬಟ್ಟೆಯ ಜಾಕೆಟ್ ಇಲ್ಲಿಗೆ ಒಪ್ಪುತ್ತದೆಯೇ?

ಉತ್ತರ (ಹಳೇ ಗಾಡಿ):
ಆ ಜಾಕೆಟ್ ಅಲ್ಲಿನ ಚಳಿಮಳೆಗೆಂದು ಹುಟ್ಟಿದ್ದು; ಮೈಸೂರಿನ ಬಿಸಿಲಿನಲ್ಲಿ ಅದರೊಳಗೆ ಗಾಳಿಯಾಡುವುದಿಲ್ಲ. ನಮ್ಮ ಮನೆಯ ಹಳೆಯ ಫೋಟೊದಲ್ಲಿ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಖಾಕಿ ಪ್ಯಾಂಟು ತೊಟ್ಟು ಜಾವಾ ಮೇಲೆ ಕುಳಿತಿದ್ದಾರೆ. ಅವರ ಎಡಗಾಲಿನ ಶೂ ಮೇಲ್ಭಾಗ ಸವೆದು ಬೆಳ್ಳಗಾಗಿದೆ, ಏಕೆಂದರೆ ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಎಡಗಡೆಯ ಒಂದೇ ಲಿವರ್. ನನ್ನ ದೃಷ್ಟಿಯಲ್ಲಿ ನಮ್ಮ ಊರಿನ ನಿಜವಾದ ಉಡುಪು ಇದೇ. ಆದರೆ ತೋಳು ಮುಚ್ಚುವ ದಪ್ಪ ಡ್ರಿಲ್ ಬಟ್ಟೆಯ ಜಾಕೆಟ್ಟನ್ನು ದರ್ಜಿಯಿಂದ ಹೊಲಿಸಿ, ಮೊಣಕೈ ಮತ್ತು ಭುಜದ ಒಳಗೆ ಇಂದಿನ ರಕ್ಷಾಕವಚ ಇಡಿಸಿಕೊಳ್ಳಿ.

ಉತ್ತರ (ಮಂಡ್ಯ ರೈಡರ್):
ಹೆಲ್ಮೆಟ್ ವಿಷಯದಲ್ಲಿ ಮಾತ್ರ ದಯವಿಟ್ಟು ಹಳೆಯದಕ್ಕೆ ಮನಸೋಲಬೇಡಿ. ಕಾರ್ಕ್ ಒಳಪದರದ ಹಳೆಯ ಅರ್ಧ ಹೆಲ್ಮೆಟ್ಟುಗಳು ಕಪಾಟಿನಲ್ಲಿ ಚೆಂದ; ಕಾನೂನಿಗೂ ತಲೆಗೂ ಬೇಕಾದದ್ದು ಐಎಸ್ಐ ಗುರುತಿನ ಹೆಲ್ಮೆಟ್. ಮುಖ ತೆರೆದಿರುವ ಮಾದರಿಯಲ್ಲಿ ಕೆನೆಬಣ್ಣದ್ದನ್ನು ಆರಿಸಿದರೆ ಗಾಡಿಗೂ ಒಪ್ಪುತ್ತದೆ.

ಯಾದವಗಿರಿ ಸವಾರ:
ಇಬ್ಬರಿಗೂ ಧನ್ಯವಾದಗಳು. ಖಾಕಿ ಡ್ರಿಲ್ ಬಟ್ಟೆ ತೆಗೆದುಕೊಂಡು ನಾಳೆಯೇ ದರ್ಜಿಯ ಬಳಿ ಅಳತೆ ಕೊಡುತ್ತೇನೆ.